ಅರವತ್ತು ಜನರ ಆಫೀಸಿನಲ್ಲಿ ಕಸ ಇಳಿಸುವ ಬಗೆ

ಆಫೀಸಿನಲ್ಲಿ ಕಸ ಕಡಿಮೆ ಮಾಡಬೇಕು ಅಂತ ತೀರ್ಮಾನವಾದ ಮರುದಿನವೇ ಬಣ್ಣಬಣ್ಣದ ಡಬ್ಬಿಗಳು ಬರುತ್ತವೆ, ಗೋಡೆಗೆ ಪೋಸ್ಟರ್ ಏರುತ್ತದೆ, ಎಲ್ಲರಿಗೂ ಒಂದು ಮೇಲ್ ಹೋಗುತ್ತದೆ. ಮೂರು ತಿಂಗಳ ನಂತರ ತೂಗಿ ನೋಡಿದರೆ ಕಸ ಅಷ್ಟಕ್ಕಷ್ಟೇ. ಮೊದಲು ಒಂದು ಡಬ್ಬಿಯಲ್ಲಿ ಇದ್ದದ್ದು ಈಗ ಮೂರರಲ್ಲಿ ಇರುತ್ತದೆ. ಡಬ್ಬಿಗೆ ಬೀಳುವ ಹೆಚ್ಚಿನ ವಸ್ತುಗಳನ್ನು ಯಾರೋ ಇಂಡೆಂಟ್ (ಬೇಕಾದ ಸಾಮಾನಿನ ಬೇಡಿಕೆ) ಬರೆದು, ಇನ್ಯಾರೋ ಬಿಲ್ ಪಾಸ್ ಮಾಡಿ ತರಿಸಿರುತ್ತಾರೆ. ಕತ್ತರಿ ಹಾಕಬೇಕಾದ ಜಾಗ ಆ ಇಂಡೆಂಟ್ ಪುಸ್ತಕ. ಬೇರ್ಪಡಿಸುವುದು ಅದಾದ ಮೇಲಿನ ಕೆಲಸ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ಬೆಂಗಳೂರಿನ ಒಂದು ಬಾಡಿಗೆ ಕಟ್ಟಡದ ಒಂದು ಮಹಡಿ: 60 ಜನ, ತಿಂಗಳಿಗೆ 22 ಕೆಲಸದ ದಿನ, ಬೆಳಗ್ಗೆ 11ಕ್ಕೆ ಮತ್ತು ಸಂಜೆ 4ಕ್ಕೆ ಕಾಫಿ-ಟೀ, ಮಧ್ಯಾಹ್ನ ಅರ್ಧ ಜನಕ್ಕೆ ಮನೆಯ ಡಬ್ಬಿ, ಉಳಿದ ಅರ್ಧಕ್ಕೆ ಕೇಟರಿಂಗ್ ಊಟ. ನಿಮ್ಮಲ್ಲಿ ಜನ ಹೆಚ್ಚೋ ಕಡಿಮೆಯೋ ಇದ್ದರೆ ಅದಕ್ಕೆ ತಕ್ಕಂತೆ ಗುಣಿಸಿಕೊಳ್ಳಿ.

ಮೊದಲ ವಾರ ಏನೂ ಬದಲಿಸಬೇಡಿ, ತೂಗಿ

ಬೇಕಾಗುವುದು ಇಷ್ಟು: ಕೊಕ್ಕೆಯಿರುವ ಡಿಜಿಟಲ್ ತೂಕದ ಸ್ಕೇಲ್ (ಲಗೇಜ್ ತೂಗುವಂಥದ್ದು, 40-50 ಕಿಲೋವರೆಗಿನದು ಸಾಕು), ಆರಡಿ ಚದರದ ಒಂದು ಟಾರ್ಪಾಲಿನ್, ಒಂದೇ ಅಳತೆಯ ಆರು ಬಕೆಟ್, ರಬ್ಬರ್ ಗ್ಲೌಸ್, ಮಾಸ್ಕ್. ಬಕೆಟ್‌ನ ಖಾಲಿ ತೂಕವನ್ನು ಅದರ ಮೇಲೇ ಮಾರ್ಕರ್‌ನಲ್ಲಿ ಬರೆದುಬಿಡಿ. ಇಲ್ಲದಿದ್ದರೆ ಮೂರನೇ ದಿನ ಯಾರೋ ಕಳೆಯಲು ಮರೆತು ಇಡೀ ಲೆಕ್ಕ ಕೆಡುತ್ತದೆ.

ಸೋಮವಾರದಿಂದ ಶುಕ್ರವಾರದವರೆಗೆ, ಸಂಜೆ ಕಸ ಕೆಳಗೆ ಹೋಗುವ ಮುಂಚೆ, ಇಡೀ ಮಹಡಿಯ ಕಸವನ್ನು ಟಾರ್ಪಾಲಿನ್ ಮೇಲೆ ಸುರಿದು ಆರು ಪಾಲು ಮಾಡಿ: ಊಟ-ತಿಂಡಿ, ಕಪ್ಪು-ತಟ್ಟೆ-ಚಮಚದಂಥ ಒಮ್ಮೆ ಬಳಸಿ ಬಿಸಾಡುವವು, ಕಾಗದ ಮತ್ತು ರಟ್ಟು, ಪ್ಲಾಸ್ಟಿಕ್ ಕವರ್ ಮತ್ತು ಬಾಟಲಿ, ಟಿಶ್ಯೂ, ಉಳಿದದ್ದು. ಶೌಚಾಲಯದ ಕಸ ಇದಕ್ಕೆ ಸೇರಕೂಡದು. ಅದನ್ನು ಕಟ್ಟಿದ ಕವರ್ ಸಮೇತ ಬೇರೆಯಾಗಿ ತೂಗಿ. ಎರಡನೇ ಪಾಲಿನಲ್ಲಿ ತೂಕದ ಜೊತೆ ಎಣಿಕೆಯೂ ಬೇಕು, ಏಕೆಂದರೆ ಪೇಪರ್ ಕಪ್ಪು ಹಗುರ, ತೂಕದಲ್ಲಿ ಅದು ಕಾಣುವುದೇ ಇಲ್ಲ. ಆದರೆ ಡಬ್ಬಿಯನ್ನು ತುಂಬಿಸುವುದು ಅದೇ.

ಕ್ವಾರ್ಟರ್ ಕೊನೆಯ ವಾರ, ಹಬ್ಬದ ವಾರ, ಆಡಿಟರ್ ಬಂದಿರುವ ವಾರ ಬೇಡ. ತೂಗುತ್ತೇವೆ ಅಂತ ಸಾರಲೂ ಬೇಡಿ. ಸಾರಿದರೆ ಜನ ಆ ಐದು ದಿನ ಮಾತ್ರ ಊಟದ ತಟ್ಟೆಯನ್ನು ಚೊಕ್ಕಟವಾಗಿ ಖಾಲಿ ಮಾಡುತ್ತಾರೆ. ಹೌಸ್‌ಕೀಪಿಂಗ್‌ನವರಿಗೆ ಮಾತ್ರ ಮೊದಲೇ ಹೇಳಬೇಕು, ದಿನಕ್ಕೆ ಮುಕ್ಕಾಲು ಗಂಟೆ ಹೆಚ್ಚು ಕೆಲಸಕ್ಕೆ ದುಡ್ಡೂ ಕೊಡಬೇಕು. ಇನ್ನೊಂದು ವಿಷಯ: ಕಸ ಎತ್ತುವ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಯಾವ ಮೀಟಿಂಗ್ ರೂಮಿನಲ್ಲಿ ಅರ್ಧ ಕುಡಿದ ಬಾಟಲಿಗಳು ಸಿಗುತ್ತವೆ, ಯಾವ ವಾರ ಅನ್ನ ಉಳಿಯುತ್ತದೆ, ಯಾರ ಪ್ರಿಂಟರ್ ಪಕ್ಕದ ಬುಟ್ಟಿ ಮಧ್ಯಾಹ್ನಕ್ಕೇ ತುಂಬುತ್ತದೆ ಎನ್ನುವುದೆಲ್ಲ ಅವರಿಗೆ ಬಾಯಿಪಾಠ. ಐದು ದಿನದ ತೂಕ ಹೇಳುವುದಕ್ಕಿಂತ ಹೆಚ್ಚಿನದು ಅರ್ಧ ಗಂಟೆಯ ಮಾತಿನಲ್ಲಿ ಸಿಗುತ್ತದೆ.

ಕೊನೆಗೆ ಒಟ್ಟು ತೂಕವನ್ನು ಆ ವಾರದ ಹಾಜರಿಯಿಂದ ಭಾಗಿಸಿ, ತಲೆಗೆ ದಿನಕ್ಕೆ ಎಷ್ಟು ಗ್ರಾಂ ಅಂತ ಬರೆದಿಡಿ. ಒಟ್ಟು ಕಿಲೋ ಲೆಕ್ಕ ನಂಬಬೇಡಿ; ಅರ್ಧ ಜನ ಮನೆಯಿಂದ ಕೆಲಸ ಮಾಡಿದ ತಿಂಗಳಲ್ಲಿ ಅದು ತಾನಾಗಿಯೇ ಇಳಿದಿರುತ್ತದೆ.

ಮೇಜಿನ ಕೆಳಗಿನ ಬುಟ್ಟಿ ತೆಗೆಯಿರಿ

60 ಮೇಜಿಗೆ 60 ಬುಟ್ಟಿ, ಪ್ರತಿ ಬುಟ್ಟಿಗೆ ದಿನಕ್ಕೊಂದು ಕವರ್ ಎಂದರೆ ತಿಂಗಳಿಗೆ 1,320 ಕವರ್. ಅದರೊಳಗೆ ಒಂದು ಚಾಕೊಲೇಟ್ ಕಾಗದ, ಒಂದು ಟಿಶ್ಯೂ. ಎಷ್ಟೋ ಕಡೆ ಕಸಕ್ಕಿಂತ ಕವರೇ ತೂಕ. ಇದರ ಜೊತೆಗೆ, ಮೇಜಿನ ಕೆಳಗೆ ಒಂದೇ ಬುಟ್ಟಿ ಇದ್ದರೆ ಬಾಳೆಹಣ್ಣಿನ ಸಿಪ್ಪೆಯೂ ಎ4 ಹಾಳೆಯೂ ಒಟ್ಟಿಗೇ ಬೀಳುತ್ತವೆ, ಹಾಳೆ ಒದ್ದೆಯಾಗಿ ರದ್ದಿಗೂ ಬರುವುದಿಲ್ಲ.

ಬದಲಿಗೆ 20ರಿಂದ 25 ಜನಕ್ಕೆ ಒಂದು ಜಾಗ. ಕಾಗದಕ್ಕೊಂದು ರಟ್ಟಿನ ಪೆಟ್ಟಿಗೆ ಅಥವಾ ಅಗಲ ಬಾಯಿಯ ಡಬ್ಬಿ, ಇತರ ಒಣ ಕಸಕ್ಕೊಂದು ಚೀಲ, ಅಷ್ಟೇ. ಹಸಿ ಕಸದ ಡಬ್ಬಿ ಪ್ಯಾಂಟ್ರಿಯಲ್ಲಿ ಮಾತ್ರ, ಕಾಲಿನಿಂದ ಒತ್ತುವ ಮುಚ್ಚಳದ್ದು, ಸಿಂಕಿನಿಂದ ಕೈಗೆಟುಕುವಷ್ಟು ದೂರದಲ್ಲಿ. ಮೇಜುಗಳ ನಡುವೆ ಹಸಿ ಕಸದ ಡಬ್ಬಿ ಇಟ್ಟರೆ ಎರಡನೇ ದಿನಕ್ಕೆ ಹಣ್ಣುನೊಣ, ಮೂರನೇ ದಿನಕ್ಕೆ ದೂರು. ಬೆಂಗಳೂರಿನಲ್ಲಿ 2015ರ ಡಿಸೆಂಬರ್‌ನ ಹೈಕೋರ್ಟ್ ಆದೇಶದ ನಂತರ ರೂಢಿಗೆ ಬಂದ ‘ಎರಡು ಡಬ್ಬಿ, ಒಂದು ಚೀಲ’ ಪದ್ಧತಿಯನ್ನೇ ಪಾಲಿಸಿ: ಹಸಿರು ಡಬ್ಬಿಗೆ ಹಸಿ ಕಸ, ಕೆಂಪು ಡಬ್ಬಿಗೆ ನೈರ್ಮಲ್ಯದ ಕಸ, ಚೀಲಕ್ಕೆ ಒಣ ಕಸ. ಮನೆಯಲ್ಲಿ ಮಾಡಿ ಅಭ್ಯಾಸವಿರುವುದನ್ನು ಆಫೀಸಿನಲ್ಲಿ ಬೇರೆ ಬಣ್ಣದಲ್ಲಿ ಕಲಿಸಲು ಹೋಗಬೇಡಿ.

ಹಸಿ ಡಬ್ಬಿಗೆ ಪ್ಲಾಸ್ಟಿಕ್ ಕವರ್ ಬೇಡ. ಎರಡು ಪದರ ನ್ಯೂಸ್‌ಪೇಪರ್ ಹಾಸಿ, ದಿನವೂ ತೊಳೆದು ಬೋರಲು ಹಾಕಿದರೆ ಸಾಕು.

ಡಬ್ಬಿಯ ಮೇಲೆ ಚಿತ್ರ ಅಂಟಿಸುವುದಕ್ಕಿಂತ ನಿಮ್ಮ ಆಫೀಸಿನಲ್ಲೇ ಬೀಳುವ ನಿಜವಾದ ವಸ್ತುಗಳನ್ನು ರಟ್ಟಿಗೆ ಮೊಳೆ ಹೊಡೆದ ಹಾಗೆ ಅಂಟಿಸಿ ಡಬ್ಬಿಯ ಮೇಲೆ ತೂಗುಹಾಕಿ: ಖಾಲಿ ಬಿಸ್ಕೆಟ್ ಕವರ್, ಟೀ ಬ್ಯಾಗ್, ತೊಳೆದ ಮೊಸರಿನ ಕಪ್ಪು, ಎಟಿಎಂ ಚೀಟಿ. ಗೊಂದಲ ಆಗುವುದು ಇಂಥವುಗಳಲ್ಲೇ. ಎಟಿಎಂ ಚೀಟಿ, ಬಿಲ್ಲಿಂಗ್ ಮೆಷಿನ್‌ನ ರಸೀದಿ ನೋಡಲು ಕಾಗದವಾದರೂ ಅದರ ಮೇಲೆ ಶಾಖಕ್ಕೆ ಕಪ್ಪಾಗುವ ರಾಸಾಯನಿಕದ ಲೇಪ ಇರುತ್ತದೆ. ರದ್ದಿ ಕಾಗದದ ಜೊತೆ ಹಾಕಬಾರದು.

‘ನಾವು ಬೇರೆ ಮಾಡ್ತೀವಿ, ಅವರು ಒಂದೇ ಗಾಡಿಗೆ ಸುರೀತಾರೆ’ ಎನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಇದು ನಿಮ್ಮ ಮಹಡಿಯಿಂದ ಗೇಟಿನವರೆಗಿನ ದಾರಿಯಲ್ಲೇ ಆಗುತ್ತಿದೆಯೇ ನೋಡಿ. ಎಷ್ಟೋ ಕಟ್ಟಡಗಳಲ್ಲಿ ಬೇಸ್‌ಮೆಂಟಿನ ಒಂದೇ ಡ್ರಮ್ಮಿಗೆ ಎಲ್ಲ ಮಹಡಿಯ ಕಸವೂ ಬೀಳುತ್ತದೆ, ಗಾಡಿ ಬರುವ ಮುಂಚೆಯೇ ಕೆಲಸ ಕೆಟ್ಟಿರುತ್ತದೆ. ಒಣ ಕಸದ ಗಾಡಿ ವಾರಕ್ಕೆ ಎರಡೇ ದಿನ ಬರುವ ಕಡೆ ಉಳಿದ ದಿನ ಅದನ್ನಿಡಲು ನಾಲ್ಕು ಅಡಿ ಜಾಗ ಬೇಕು. ಜಾಗವಿಲ್ಲದಿದ್ದರೆ ಅದು ಹಸಿ ಕಸದ ಜೊತೆ ಹೋಗುತ್ತದೆ, ಇನ್ನೇನು ಮಾಡುತ್ತಾರೆ? 2016ರ ಘನ ತ್ಯಾಜ್ಯ ನಿಯಮಗಳು ದಿನಕ್ಕೆ 100 ಕಿಲೋ ಮೀರಿ ಕಸ ಬರುವ ಕಡೆಗಳನ್ನು ಭಾರಿ ಉತ್ಪಾದಕರು ಎಂದು ಬೇರೆ ಸಾಲಿಗೆ ಹಾಕಿದವು. 60 ಜನರ ಆಫೀಸು ಅಲ್ಲಿಗೆ ಮುಟ್ಟುವುದಿಲ್ಲ. ಆರೇಳು ಮಹಡಿ ಸೇರಿದ ಕಟ್ಟಡ ಮುಟ್ಟಬಹುದು. ಆಗ ಕಸ ಒಯ್ಯುವುದು ಸಾಮಾನ್ಯವಾಗಿ ಖಾಸಗಿ ಗುತ್ತಿಗೆದಾರರ ಗಾಡಿ. ಅವರು ಎಲ್ಲಿಗೆ ಒಯ್ಯುತ್ತಾರೆ ಎಂಬುದಕ್ಕೆ ತೂಕದ ಚೀಟಿ ಕೇಳುವ ಹಕ್ಕು ಬಾಡಿಗೆದಾರರಾಗಿ ನಿಮಗಿರುವಂತೆ ಮೇಂಟೆನೆನ್ಸ್ ಒಪ್ಪಂದದಲ್ಲಿ ಒಂದು ಸಾಲು ಸೇರಿಸಿಕೊಳ್ಳಿ.

ಪೇಪರ್ ಕಪ್ಪು

ಎರಡು ಹೊತ್ತಿನ ಕಾಫಿಗೆ ದಿನಕ್ಕೆ 120 ಕಪ್ಪು, ತಿಂಗಳಿಗೆ 2,640. ಬಿಸಿ ತಾಗುತ್ತದೆ ಅಂತ ಎರಡು ಕಪ್ಪು ಒಂದರೊಳಗೊಂದು ಹಾಕಿಕೊಳ್ಳುವವರನ್ನೂ, ನೀರು ಕುಡಿಯಲು ಬೇರೆ ಕಪ್ಪು ತೆಗೆದುಕೊಳ್ಳುವವರನ್ನೂ ಸೇರಿಸಿದರೆ ಲೆಕ್ಕ ಸಲೀಸಾಗಿ 3,000 ದಾಟುತ್ತದೆ. ಹೆಸರಿಗೆ ಪೇಪರ್, ಒಳಗೆ ಪಾಲಿಥಿನ್‌ನ ತೆಳು ಪದರ ಅಂಟಿಸಿರುತ್ತಾರೆ, ಇಲ್ಲದಿದ್ದರೆ ಕಾಫಿ ಸೋರಿಹೋಗುತ್ತದೆ. ಆ ಪದರದಿಂದಾಗಿ ಹಳೆ ಪೇಪರ್ ಅಂಗಡಿಯವರು ಮುಟ್ಟುವುದಿಲ್ಲ, ಗೊಬ್ಬರದ ಗುಂಡಿಯಲ್ಲೂ ಪೂರ್ತಿ ಕರಗುವುದಿಲ್ಲ. ಐಐಟಿ ಖರಗ್‌ಪುರದ ಸಂಶೋಧಕರು 2020ರಲ್ಲಿ ಇಂಥ ಕಪ್ಪುಗಳಿಗೆ 85ರಿಂದ 90 ಡಿಗ್ರಿ ಸೆಲ್ಸಿಯಸ್‌ನ ನೀರು ಹಾಕಿ ನೋಡಿದಾಗ 15 ನಿಮಿಷದಲ್ಲಿ 100 ಮಿಲಿಲೀಟರ್‌ಗೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣ ಬಿಟ್ಟುಕೊಂಡವು. ಕಸದ ಮಾತಿಗೆ ಕಿವಿಗೊಡದ ಮ್ಯಾನೇಜ್‌ಮೆಂಟು ಈ ಮಾತಿಗೆ ಕಿವಿ ನಿಮಿರಿಸುತ್ತದೆ.

ಬದಲಿಗೆ ಏನು? ಒಂಟಿ ಪದರದ ಸ್ಟೀಲ್ ಲೋಟ ಕೈ ಸುಡುತ್ತದೆ, ಜನ ಹಿಡಿಯಲು ಟಿಶ್ಯೂ ಸುತ್ತುತ್ತಾರೆ, ಕಸ ಇನ್ನೊಂದು ರೂಪದಲ್ಲಿ ಬರುತ್ತದೆ. ಪಿಂಗಾಣಿ ಮಗ್ಗು ಒಡೆಯುತ್ತದೆ. ಎರಡು ಪದರದ, 120-150 ಮಿಲಿಲೀಟರಿನ ಸ್ಟೀಲ್ ಕಪ್ಪು ಸರಿಯಾದ ಆಯ್ಕೆ. 60 ಜನಕ್ಕೆ 80 ಕಪ್ಪು ತೆಗೆದುಕೊಳ್ಳಿ. ಹೆಚ್ಚಿನ 20 ಬಂದುಹೋಗುವವರಿಗೆ. ಮದುವೆ ಪಾತ್ರೆಗೆ ಹೆಸರು ಕೊರೆದು ಕೊಡುವ ಪಾತ್ರೆ ಅಂಗಡಿಯಲ್ಲೇ ಕೊಂಡು, ಅದೇ ಮೆಷಿನ್‌ನಲ್ಲಿ ತಳಕ್ಕೆ 1ರಿಂದ 80ರವರೆಗೆ ಅಂಕಿ ಕೊರೆಸಿಕೊಳ್ಳಿ. ಅಂಕಿಯಿಲ್ಲದ ಕಪ್ಪು ಆರು ತಿಂಗಳಲ್ಲಿ ಅರ್ಧಕ್ಕರ್ಧ ಕಾಣೆಯಾಗುತ್ತದೆ, ಚಮಚದ ಗತಿಯೂ ಅದೇ.

ಕಪ್ಪು ಕೊಳ್ಳುವುದು ಸುಲಭ. ಈ ಬದಲಾವಣೆ ಮಗುಚಿ ಬೀಳುವುದು ತೊಳೆಯುವ ಕಡೆ. 60 ಕಪ್ಪು ತೊಳೆಯಲು ಒಬ್ಬರಿಗೆ ಸುಮಾರು ಅರ್ಧ ಗಂಟೆ, ದಿನಕ್ಕೆ ಎರಡು ಸಲ, ಅಂದರೆ ಒಂದು ಗಂಟೆ. ಈ ಒಂದು ಗಂಟೆಯನ್ನು ಹೌಸ್‌ಕೀಪಿಂಗ್ ಒಪ್ಪಂದದಲ್ಲಿ ಬರೆದು ದುಡ್ಡು ಸೇರಿಸದೆ, ಇರುವ ಒಬ್ಬರ ತಲೆಗೇ ಕಟ್ಟಿದರೆ ಎರಡು ವಾರದಲ್ಲಿ ಸಿಂಕು ತುಂಬಿ ತುಳುಕಿ, ಅಡ್ಮಿನ್‌ನವರು ‘ಸದ್ಯಕ್ಕೆ’ ಅಂತ ಮತ್ತೆ ಒಂದು ಪೆಟ್ಟಿಗೆ ಪೇಪರ್ ಕಪ್ಪು ತರಿಸುತ್ತಾರೆ. ಆ ಸದ್ಯ ಮುಗಿಯುವುದೇ ಇಲ್ಲ. ಪೇಪರ್ ಕಪ್ಪಿನ ತಿಂಗಳ ಬಿಲ್ಲನ್ನೂ ಈ ಹೆಚ್ಚುವರಿ ಗಂಟೆಯ ಕೂಲಿಯನ್ನೂ ಅಕ್ಕಪಕ್ಕ ಇಟ್ಟು ಅಕೌಂಟ್ಸ್‌ನವರಿಗೆ ತೋರಿಸಿ.

ತೊಳೆಯುವ ಕ್ರಮ ಹೀಗಿರಲಿ. ಪ್ಯಾಂಟ್ರಿ ಬಾಗಿಲ ಬಳಿ ಒಂದು ದೊಡ್ಡ ಟ್ರೇ, ಪಕ್ಕದಲ್ಲಿ ಜರಡಿ ಇಟ್ಟ ಬಕೆಟ್. ಕುಡಿದು ಮುಗಿಸಿದವರು ಉಳಿದ ಕಾಫಿಯನ್ನು ಜರಡಿಗೆ ಚೆಲ್ಲಿ, ಕಪ್ಪನ್ನು ಟ್ರೇಯಲ್ಲಿ ಬೋರಲು ಹಾಕಬೇಕು. ಹಾಲಿನ ಕೆನೆ ಒಣಗಿ ಅಂಟಿದರೆ ಉಜ್ಜುವ ಸಮಯ ದುಪ್ಪಟ್ಟಾಗುತ್ತದೆ, ಆದ್ದರಿಂದ ಟ್ರೇಯಲ್ಲಿ ಒಂದಿಂಚು ನೀರಿರಲಿ. ಆಮೇಲೆ ಎರಡು ಟಬ್ಬು: ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಿಸಿನೀರು. ಟಬ್ಬಿನಲ್ಲಿ ತೊಳೆದರೆ 60 ಕಪ್ಪಿಗೆ 25 ಲೀಟರ್ ನೀರು ಸಾಕಾಗುತ್ತದೆ. ನಿಮಿಷಕ್ಕೆ 6 ಲೀಟರ್ ಬಿಡುವ ನಲ್ಲಿಯನ್ನು ಅರ್ಧ ಗಂಟೆ ತೆರೆದಿಟ್ಟರೆ 180 ಲೀಟರ್ ಹೋಗುತ್ತದೆ. ಒರೆಸುವ ಬಟ್ಟೆ ಬೇಡ, ತಂತಿಯ ಸ್ಟ್ಯಾಂಡಿನಲ್ಲಿ ಬೋರಲು ಒಣಗಲಿ. ಒದ್ದೆ ಬಟ್ಟೆಯಿಂದಲೇ ಕಪ್ಪಿಗೆ ವಾಸನೆ ಹತ್ತುವುದು, ಆ ವಾಸನೆಯಿಂದಲೇ ‘ಪೇಪರ್ ಕಪ್ಪೇ ಚೆನ್ನಾಗಿತ್ತು’ ಎನ್ನುವ ಮಾತು ಶುರುವಾಗುವುದು.

ಹಾಲಿನ ವಿಷಯ ಒಂದು ಮಾತು. 120 ಕಪ್ಪಿಗೆ ತಲಾ 60 ಮಿಲಿಲೀಟರ್ ಹಾಲು ಅಂದರೆ ದಿನಕ್ಕೆ 7 ಲೀಟರ್ ಚಿಲ್ಲರೆ. ಅರ್ಧ ಲೀಟರಿನ ಪ್ಯಾಕೆಟ್ಟಾದರೆ 14-15 ಕವರ್, ಒಂದು ಲೀಟರಿನದಾದರೆ ಅದರ ಅರ್ಧ. ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಒಂದು ಎಳೆ ಅಂಟಿಕೊಂಡೇ ಇರಲಿ. ಬೇರೆಯಾದ ಆ ಉಗುರಿನಷ್ಟು ತುಂಡು ಯಾವ ಜರಡಿಗೂ ಸಿಗದೆ ಚರಂಡಿ ಸೇರುತ್ತದೆ. ಕವರ್ ತೊಳೆದು ಸ್ಟ್ಯಾಂಡಿಗೆ ಸಿಕ್ಕಿಸಿ ಒಣಗಿಸಿದರೆ ಗುಜರಿಯವರು ಕೇಳಿ ಒಯ್ಯುತ್ತಾರೆ; ತೊಳೆಯದಿದ್ದರೆ ಮರುದಿನಕ್ಕೆ ಇಡೀ ಒಣ ಚೀಲ ಹುಳಿ ನಾರುತ್ತದೆ, ಒಣ ತ್ಯಾಜ್ಯ ಕೇಂದ್ರದಲ್ಲಿ ಅದನ್ನು ಬಿಚ್ಚುವವರ ಪಾಡು ಬೇರೆ.

ಮೀಟಿಂಗಿನ ನೀರಿನ ಬಾಟಲಿಗೆ ಹೆಚ್ಚು ಹೇಳುವುದೇನಿಲ್ಲ. 20 ಲೀಟರ್ ಕ್ಯಾನು, ಎರಡು ಜಗ್ಗು, ಗಾಜಿನ ಲೋಟ. ಪ್ಲಾಸ್ಟಿಕ್ ಚಮಚ, ಸ್ಟ್ರಾ, ತಟ್ಟೆ, ಲೋಟ, ಕಾಫಿ ಕಲಕುವ ಕಡ್ಡಿ ಇವೆಲ್ಲ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧ. ಕರ್ನಾಟಕದಲ್ಲಿ 2016ರ ಮಾರ್ಚ್‌ನಲ್ಲೇ ರಾಜ್ಯದ ಆದೇಶ ಬಂದಿತ್ತು. ಇಂಡೆಂಟಿನಲ್ಲಿ ಇನ್ನೂ ಇದ್ದರೆ ಹೊಡೆದುಹಾಕಿ.

ಊಟ: ಪಾತ್ರೆಯಲ್ಲಿ ಉಳಿದದ್ದೋ, ತಟ್ಟೆಯಲ್ಲಿ ಬಿಟ್ಟದ್ದೋ?

ಇವೆರಡನ್ನೂ ಬೇರೆ ಬೇರೆ ತೂಗದೆ ಊಟದ ಕಸಕ್ಕೆ ಮದ್ದಿಲ್ಲ. ಪಾತ್ರೆಯಲ್ಲಿ ಉಳಿದರೆ ತಪ್ಪು ಆರ್ಡರ್ ಕೊಟ್ಟವರದು. ತಟ್ಟೆಯಲ್ಲಿ ಉಳಿದರೆ ಬಡಿಸುವ ಸೌಟಿನದು ಅಥವಾ ರುಚಿಯದು. ‘ಅನ್ನ ಚೆಲ್ಲಬೇಡಿ’ ಅಂತ ಬೋರ್ಡು ಹಾಕುವವರು ಸಾಮಾನ್ಯವಾಗಿ ಮೊದಲನೆಯದನ್ನು ತೂಗಿರುವುದಿಲ್ಲ.

ಪಾತ್ರೆಯ ಲೆಕ್ಕ ಮೊದಲು. ಒಂದು ಕಿಲೋ ಅಕ್ಕಿ ಅನ್ನವಾದಾಗ ಎರಡೂವರೆಯಿಂದ ಮೂರು ಕಿಲೋ ತೂಗುತ್ತದೆ. 30 ಜನರ ಊಟದಲ್ಲಿ ದಿನವೂ ಮೂರು ಕಿಲೋ ಅನ್ನ ಉಳಿಯುತ್ತಿದ್ದರೆ ಕೇಟರಿಂಗ್‌ನವರಿಗೆ ‘ಸ್ವಲ್ಪ ಕಡಿಮೆ ಮಾಡಿ’ ಅನ್ನಬೇಡಿ, ‘ಒಂದು ಕಿಲೋ ಅಕ್ಕಿ ಕಡಿಮೆ ಹಾಕಿ’ ಅನ್ನಿ. ಸ್ವಲ್ಪ ಎಂಬ ಅಳತೆ ಯಾವ ಅಡುಗೆಮನೆಯಲ್ಲೂ ಇಲ್ಲ. ಕಡಿಮೆ ಬಿದ್ದೀತು ಅಂತ ಅವರೂ ಒಂದು ಹಿಡಿ ಹೆಚ್ಚು ಹಾಕುತ್ತಾರೆ, ಆರ್ಡರ್ ಕೊಡುವವರೂ ಇಬ್ಬರ ಊಟ ಹೆಚ್ಚು ಬರೆಯುತ್ತಾರೆ. ಎರಡು ಕಡೆಯ ಧಾರಾಳ ಸೇರಿ ಮಧ್ಯಾಹ್ನ ಮೂರಕ್ಕೆ ಡಬ್ಬಿಗೆ ಬೀಳುತ್ತದೆ. ಬೆಳಗ್ಗೆ 10ರೊಳಗೆ ವಾಟ್ಸಾಪ್ ಗುಂಪಿನಲ್ಲಿ ಹೆಸರು ಹಾಕಿದವರಿಗೆ ಮಾತ್ರ ಊಟ ಎಂಬ ನಿಯಮವಿರಲಿ, ಬಂದ ಸಂಖ್ಯೆಗೆ ಏನನ್ನೂ ಸೇರಿಸಬೇಡಿ. ಒಂದಿಬ್ಬರಿಗೆ ಸಾಲದೇ ಬಂದರೆ ಎದುರಿನ ದರ್ಶಿನಿಗೆ ಹೋಗಿ ಬರಲಿ. ಅದಕ್ಕೆ ಆಫೀಸೇ ದುಡ್ಡು ಕೊಟ್ಟರೂ ಅಗ್ಗವೇ.

ತಟ್ಟೆಯ ಲೆಕ್ಕ. ಬಡಿಸುವವರು ಬಳಸುವ ಸೌಟು ಎಷ್ಟು ದೊಡ್ಡದು ನೋಡಿ. ಬಿಸಿಬೇಳೆಬಾತನ್ನು ಸಾರಿನ ದೊಡ್ಡ ಸೌಟಿನಲ್ಲಿ ಬಡಿಸಿದರೆ ಎರಡು ಸೌಟಿಗೆ ತಟ್ಟೆ ತುಂಬುತ್ತದೆ, ಬೇಡ ಅನ್ನುವಷ್ಟರಲ್ಲಿ ಎರಡನೆಯದು ಬಿದ್ದಿರುತ್ತದೆ. ಅರ್ಧ ಅಳತೆಯ ಸೌಟು ತರಿಸಿ, ಮತ್ತೆ ಬಂದು ಹಾಕಿಸಿಕೊಳ್ಳಲು ಮುಜುಗರವಾಗದಂತೆ ಪಾತ್ರೆಗಳನ್ನು ಸಾಲಿನ ಇನ್ನೊಂದು ತುದಿಯಿಂದಲೂ ತಲುಪುವ ಹಾಗಿಡಿ. ಒಂದು ವಾರ ತಟ್ಟೆಯ ಬಕೆಟ್ಟಿನಲ್ಲಿ ಏನಿದೆ ಅಂತ ಬರೆಯಿರಿ. ಸೌತೆಕಾಯಿ ಹೋಳು ಮತ್ತು ಹಪ್ಪಳವೇ ಇದ್ದರೆ ಅಳತೆಯ ಸಮಸ್ಯೆ. ಮಂಗಳವಾರದ ಪಲ್ಯವೇ ಇದ್ದರೆ ಅಡುಗೆಯವರ ಜೊತೆ ಮಾತಾಡಬೇಕು.

ಉಳಿದದ್ದನ್ನು ಹಂಚುವುದಾದರೆ ಯಾರಿಗೆ, ಯಾರು ಒಯ್ಯುತ್ತಾರೆ ಎಂಬುದು ಬೆಳಗ್ಗೆಯೇ ಗೊತ್ತಿರಬೇಕು. ಅನ್ನ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಆರುತ್ತ ಕುಳಿತರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಮತ್ತೆ ಬಿಸಿ ಮಾಡಿದರೂ ಅವು ಬಿಟ್ಟ ವಿಷ ಹೋಗುವುದಿಲ್ಲ. ಒಂದೂವರೆಗೆ ಊಟ ಮುಗಿದರೆ ಎರಡೂವರೆಯೊಳಗೆ ಪಾತ್ರೆ ಮುಚ್ಚಿಕೊಂಡು ಹೊರಟಿರಬೇಕು. ತಟ್ಟೆ ಸೇರಿದ್ದು ಯಾರಿಗೂ ಬೇಡ.

ಹೊರಗಿನಿಂದ ಪಾರ್ಸೆಲ್ ತರಿಸುವವರಿಗೆ ಪ್ಯಾಂಟ್ರಿಯಲ್ಲಿ ಸ್ಟೀಲ್ ಡಬ್ಬಿಯ ಹತ್ತು ಸೆಟ್ಟು ಇಡಿ. ಕೆಳಗಿನ ಹೋಟೆಲಿಗೆ ಡಬ್ಬಿ ಹಿಡಿದು ಹೋಗಬಹುದು. ಸಾಂಬಾರು, ಚಟ್ನಿ ಕಟ್ಟಿದ ಪ್ಲಾಸ್ಟಿಕ್ ಕವರನ್ನು ಯಾರೂ ತೊಳೆಯುವುದಿಲ್ಲ. ಅದು ಒಣ ಕಸವೂ ಅಲ್ಲ, ಹಸಿ ಕಸವೂ ಅಲ್ಲ, ಎರಡನ್ನೂ ಕೆಡಿಸುವ ವಸ್ತು.

ಕಾಗದ

ಎ4 ಹಾಳೆ ಚದರ ಮೀಟರಿನ ಹದಿನಾರನೇ ಒಂದು ಪಾಲು. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ) ಕಾಗದವಾದರೆ ಒಂದು ಹಾಳೆ 5 ಗ್ರಾಂ, 500 ಹಾಳೆಯ ರೀಮು ಎರಡೂವರೆ ಕಿಲೋ. ತಿಂಗಳಿಗೆ ಎಷ್ಟು ರೀಮು ಒಳಗೆ ಬಂತು, ಎಷ್ಟು ಕಿಲೋ ರದ್ದಿಯಾಗಿ ಹೊರಗೆ ಹೋಯಿತು ಎಂಬುದನ್ನು ಇದರಿಂದ ಹೋಲಿಸಬಹುದು. 20 ರೀಮು ಅಂದರೆ 50 ಕಿಲೋ ಬಂದು ಅದರಲ್ಲಿ 35 ಕಿಲೋ ಅದೇ ತಿಂಗಳು ರದ್ದಿಗೆ ಹೋಗುತ್ತಿದ್ದರೆ, ಪ್ರಿಂಟ್ ಮಾಡಿದ್ದರಲ್ಲಿ ಹೆಚ್ಚಿನದು ಯಾರಿಗೂ ಬೇಕಿರಲಿಲ್ಲ ಎಂದರ್ಥ.

ಎರಡೂ ಕಡೆ ಪ್ರಿಂಟ್ ಆಗುವಂತೆ ಹೊಂದಿಸುವುದನ್ನು ಒಬ್ಬೊಬ್ಬರಿಗೆ ಬಿಡಬೇಡಿ. ಐಟಿಯವರು ಪ್ರಿಂಟ್ ಸರ್ವರ್‌ನಲ್ಲೇ ಎರಡು ಬದಿ, ಕಪ್ಪುಬಿಳುಪು ಅಂತ ಡಿಫಾಲ್ಟ್ ಹಾಕಲಿ. ಒಂದು ಬದಿ ಬೇಕಾದವರು ತಾವೇ ಬದಲಿಸಿಕೊಳ್ಳಲಿ. ಇನ್ನೂ ಪರಿಣಾಮಕಾರಿ ದಾರಿ, ಪ್ರಿಂಟರ್ ಬಳಿ ಹೋಗಿ ಪಿನ್ ಒತ್ತಿದ ಮೇಲೇ ಹಾಳೆ ಹೊರಬರುವ ವ್ಯವಸ್ಥೆ. ಪ್ರಿಂಟ್ ಕೊಟ್ಟು ಮರೆತುಹೋದವರ ಹಾಳೆಗಳ ಕಟ್ಟು ಆಗ ಹುಟ್ಟುವುದೇ ಇಲ್ಲ.

ಒಂದು ಬದಿ ಬಳಸಿದ ಹಾಳೆಯನ್ನು ಮತ್ತೆ ಪ್ರಿಂಟರಿಗೆ ಹಾಕುವ ಮುನ್ನ ಯೋಚಿಸಿ. ಸ್ಟೇಪ್ಲರ್ ಪಿನ್ನು ಉಳಿದಿದ್ದರೆ ರೋಲರ್ ಗೀರುತ್ತದೆ, ಒಮ್ಮೆ ಶಾಖ ತಿಂದ ಹಾಳೆ ಸುರುಳಿ ಸುತ್ತಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. ಹಿಂಬದಿಯಲ್ಲಿ ಯಾರದ್ದೋ ಸಂಬಳದ ವಿವರವೋ ಆಧಾರ್ ಪ್ರತಿಯೋ ಇದ್ದರೆ ಬೇರೆಯದೇ ಗಂಡಾಂತರ. ಅಂಥ ಹಾಳೆಗಳನ್ನು ನಾಲ್ಕು ತುಂಡು ಮಾಡಿ ಕ್ಲಿಪ್ ಹಾಕಿ ಟಿಪ್ಪಣಿ ಬರೆಯಲು ಇಡುವುದೇ ಸರಿ. ಮಳೆಗಾಲದಲ್ಲಿ ರೀಮಿನ ಹೊದಿಕೆ ಬಿಚ್ಚಿಟ್ಟರೆ ಹಾಳೆ ತೇವ ಎಳೆದುಕೊಂಡು ಜಾಮ್ ಆಗುತ್ತದೆ, ಒಂದೊಂದು ಜಾಮಿಗೂ ಮೂರ್ನಾಲ್ಕು ಹಾಳೆ ಬಲಿ. ಒಂದು ಸಲಕ್ಕೆ ಒಂದೇ ರೀಮು ಬಿಚ್ಚಿ.

ಹಳೆಯ ಫೈಲು ತೆಗೆಯುವ ಉತ್ಸಾಹ ಬಂದಾಗ ಅಕೌಂಟ್ಸ್‌ನವರನ್ನು ಕೇಳದೆ ಕೈ ಹಾಕಬೇಡಿ. ಕಂಪನಿ ಕಾಯ್ದೆಯಂತೆ ಲೆಕ್ಕಪುಸ್ತಕಗಳನ್ನು 8 ಹಣಕಾಸು ವರ್ಷ ಇಡಬೇಕು. ಜಿಎಸ್‌ಟಿ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ಅವಧಿ ಮೀರಿದ್ದನ್ನು ಶ್ರೆಡ್ಡರ್‌ಗೆ ಹಾಕಿ, ಆದರೆ ಗುಟ್ಟಿನ ಹಾಳೆಗಳನ್ನು ಮಾತ್ರ. ಚೂರಾದಷ್ಟೂ ಕಾಗದದ ನಾರು ಗಿಡ್ಡವಾಗುತ್ತದೆ, ರದ್ದಿಯ ಬೆಲೆಯೂ ಇಳಿಯುತ್ತದೆ.

ಗೊಬ್ಬರ ನೀವೇ ಮಾಡಬೇಕೇ?

ಟೆರೇಸಿನಲ್ಲೋ ಹಿತ್ತಲಿನಲ್ಲೋ ನೆರಳಿರುವ ಜಾಗ, ದಿನವೂ ಹತ್ತು ನಿಮಿಷ ಕೊಡುವ ಒಬ್ಬರು, ಗೊಬ್ಬರ ಬೇಕೆನ್ನುವ ಗಿಡ ಇವು ಮೂರೂ ಇದ್ದರೆ ಮಾಡಿ. ಒಂದಿಲ್ಲದಿದ್ದರೂ ಹಸಿ ಕಸವನ್ನು ಚೊಕ್ಕವಾಗಿ ಬೇರ್ಪಡಿಸಿ ಗಾಡಿಗೆ ಕೊಡುವುದೇ ಉತ್ತಮ. ಅರ್ಧಕ್ಕೆ ಕೈಬಿಟ್ಟ ಗೊಬ್ಬರದ ಡ್ರಮ್ಮಿನ ವಾಸನೆ ಮುಂದಿನ ಐದು ವರ್ಷ ಆ ಕಟ್ಟಡದಲ್ಲಿ ಯಾರೂ ಆ ಮಾತೆತ್ತದಂತೆ ಮಾಡುತ್ತದೆ.

ದಿನಕ್ಕೆ 5 ಕಿಲೋ ಹಸಿ ಕಸಕ್ಕೆ 200 ಲೀಟರಿನ ಮೂರು ಡ್ರಮ್ಮು ಬೇಕು: ಒಂದು ತುಂಬುತ್ತಿರುತ್ತದೆ, ಎರಡು ಹಣ್ಣಾಗುತ್ತಿರುತ್ತವೆ. ಸುತ್ತಲೂ ಗೇಣು ಗೇಣಿಗೆ ಅರ್ಧ ಇಂಚಿನ ತೂತು, ಒಳಗಿನಿಂದ ಸೊಳ್ಳೆಪರದೆಯಂಥ ಜಾಲರಿ, ತಳದಲ್ಲಿ ನೀರು ಬಸಿಯಲು ಒಂದು ನಲ್ಲಿ. ತಳಕ್ಕೆ ಅರ್ಧ ಅಡಿ ತೆಂಗಿನ ಕರಟ, ಒಣ ಕಡ್ಡಿ. ಆಮೇಲೆ ಒಂದು ಬಕೆಟ್ ಹಸಿ ಕಸಕ್ಕೆ ಒಂದು ಬಕೆಟ್ ಒಣ ಎಲೆ, ತೂಕದಲ್ಲಿ ಅಲ್ಲ, ಅಳತೆಯಲ್ಲಿ. ಮೇಲೆ ಒಂದು ಹಿಡಿ ಹಳೆ ಗೊಬ್ಬರ ಅಥವಾ ಒಂದು ಲೋಟ ಹುಳಿ ಮಜ್ಜಿಗೆ. ಸಾರು, ಸಾಂಬಾರನ್ನು ಜರಡಿಯಲ್ಲಿ ಬಸಿದು ಗಟ್ಟಿಯನ್ನು ಮಾತ್ರ ಹಾಕಿ. ವಾರಕ್ಕೆ ಎರಡು ಸಲ ತಿರುವಿ. ಶುಕ್ರವಾರ ಸಂಜೆ ತಪ್ಪದೆ ತಿರುವಿ ಮೇಲೆ ದಪ್ಪ ಎಲೆ ಹೊದಿಸಿ, ಶನಿವಾರ-ಭಾನುವಾರ ಯಾರೂ ಇರುವುದಿಲ್ಲ.

ಒಣ ಎಲೆಯೇ ಇದರ ಗುಟ್ಟು. ಫೆಬ್ರವರಿ-ಮಾರ್ಚ್‌ನಲ್ಲಿ ರಸ್ತೆ ಬದಿಯ ಹೊಂಗೆ ಎಲೆ ಉದುರಿಸುವಾಗ ಹತ್ತು ಗೋಣಿಚೀಲ ತುಂಬಿ ಒಳಗಿಡಿ. ಜುಲೈನಲ್ಲಿ ಹುಡುಕಿದರೆ ಸಿಗುವುದು ಒದ್ದೆ ಎಲೆ, ಆಗ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಕೊಳ್ಳಬೇಕಾಗುತ್ತದೆ.

ಹದ ನೋಡಲು ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಬೆರಳ ಸಂದಿನಲ್ಲಿ ಒಂದೆರಡು ಹನಿ ಮೂಡಿದರೆ ಸರಿ. ಧಾರೆಯಾಗಿ ಇಳಿದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಹೋಗುತ್ತಿಲ್ಲ. ಎಲೆ ಸೇರಿಸಿ ತಿರುವಿ. ಮೂಗಿಗೆ ಚುರುಕು ಹತ್ತುವ ಅಮೋನಿಯಾ ವಾಸನೆಯಾದರೆ ಹಸಿ ಹೆಚ್ಚಾಗಿದೆ. ಅದಕ್ಕೂ ಎಲೆಯೇ ಮದ್ದು. ಇರುವೆ ಮುತ್ತಿದ್ದರೆ ಒಣಗಿದೆ, ನೀರು ಚಿಮುಕಿಸಿ. ಬಿಳಿ-ಕಂದು ದಪ್ಪ ಹುಳಗಳನ್ನು ಕಂಡು ಹೆದರಬೇಡಿ, ಅವು ಕಪ್ಪು ಸೈನಿಕ ನೊಣದ (ಬ್ಲ್ಯಾಕ್ ಸೋಲ್ಜರ್ ಫ್ಲೈ) ಮರಿಗಳು, ನಿಮ್ಮ ಕೆಲಸವನ್ನೇ ಬೇಗ ಮುಗಿಸುತ್ತವೆ. ತುಂಬಿದ ಡ್ರಮ್ಮು 45ರಿಂದ 60 ದಿನದಲ್ಲಿ ಮಣ್ಣಿನ ವಾಸನೆಗೆ ಬರುತ್ತದೆ.

ಬ್ಯಾಟರಿ, ಲ್ಯಾಪ್‌ಟಾಪ್, ಟ್ಯೂಬ್‌ಲೈಟ್

ಇಲ್ಲಿ ಕಸ ಇಳಿಸುವ ಮುಖ್ಯ ದಾರಿ ಆಯುಸ್ಸು ಹೆಚ್ಚಿಸುವುದು. ಮೂರು ವರ್ಷಕ್ಕೆ ‘ಸ್ಲೋ ಆಯ್ತು’ ಅಂತ ಬದಲಿಸುವ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವು ರ‍್ಯಾಮ್ ಏರಿಸಿ, ಬ್ಯಾಟರಿ ಬದಲಿಸಿದರೆ ಇನ್ನೆರಡು ವರ್ಷ ಓಡುತ್ತವೆ. ಕೊಳ್ಳುವಾಗಲೇ ರ‍್ಯಾಮ್ ಬೋರ್ಡಿಗೆ ಬೆಸುಗೆಯಾಗಿಲ್ಲದ ಮಾದರಿ ಕೇಳಿ.

ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಚಾರ್ಜಿಗೆ ಹಾಕಬಾರದು, ಒತ್ತಬಾರದು, ಚುಚ್ಚಬಾರದು. ಬಿಡಿ ಬ್ಯಾಟರಿಯ ತುದಿಗಳಿಗೆ ಟೇಪು ಅಂಟಿಸಿ, ಒಣ ಮರಳು ತುಂಬಿದ ಲೋಹದ ಡಬ್ಬಿಯಲ್ಲಿಡಿ. ಒಣ ಕಸದ ಚೀಲಕ್ಕೆ ಬಿದ್ದ ಇಂಥ ಬ್ಯಾಟರಿ ಗಾಡಿಯಲ್ಲಿ ಜಜ್ಜಿದಾಗ ಬೆಂಕಿ ಹತ್ತಿಕೊಳ್ಳುತ್ತದೆ. ಸಿಎಫ್‌ಎಲ್, ಟ್ಯೂಬ್‌ಲೈಟಿನಲ್ಲಿ ಪಾದರಸವಿದೆ; ಬಂದ ರಟ್ಟಿನ ಹೊದಿಕೆಯಲ್ಲೇ ವಾಪಸ್ ಹಾಕಿ ನಿಲ್ಲಿಸಿಡಿ.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು 1,000 ಅಥವಾ ಹೆಚ್ಚು ಉಪಕರಣ ಬಳಸುವವರನ್ನು ಭಾರಿ ಬಳಕೆದಾರರು ಎನ್ನುತ್ತವೆ. ನೀವು ಆ ಸಂಖ್ಯೆಗೆ ಬರದಿದ್ದರೂ ನೋಂದಾಯಿತ ಮರುಬಳಕೆದಾರರಿಗೇ ಕೊಟ್ಟು ರಸೀದಿ ಪಡೆಯಿರಿ. ಗುಜರಿಯಲ್ಲಿ ಒಂದಷ್ಟು ರೂಪಾಯಿ ಹೆಚ್ಚು ಸಿಗಬಹುದು. ಆ ದುಡ್ಡು ಬರುವುದು ತಂತಿ ಸುಟ್ಟು ತಾಮ್ರ ತೆಗೆಯುವವರ ಶ್ವಾಸಕೋಶದಿಂದ. ಹಾರ್ಡ್‌ಡಿಸ್ಕ್ ಅಳಿಸಿ ಕೊಡಿ. ಎಸ್‌ಎಸ್‌ಡಿ (ಚಿಪ್‌ನಲ್ಲಿ ಮಾಹಿತಿ ಇಡುವ ಡಿಸ್ಕ್) ಆದರೆ ಬರೀ ಫಾರ್ಮ್ಯಾಟ್ ಸಾಲದು, ತಯಾರಕರ ಸೆಕ್ಯೂರ್ ಇರೇಸ್ ತಂತ್ರಾಂಶ ಬಳಸಿ.

ಶೌಚಾಲಯದ ಕಸಕ್ಕೆ ಕೆಂಪು ಡಬ್ಬಿ, ಪಕ್ಕದಲ್ಲೇ ಹಳೆ ನ್ಯೂಸ್‌ಪೇಪರ್ ತುಂಡುಗಳು, ಕೆಂಪು ಮಾರ್ಕರ್. ಬಳಸಿದ ಪ್ಯಾಡನ್ನು ಸುತ್ತಿ, ಗುರುತು ಹಾಕಿ ಹಾಕಬೇಕು. ಸಕ್ಕರೆ ಕಾಯಿಲೆಗೆ ಆಫೀಸಿನಲ್ಲೇ ಇನ್ಸುಲಿನ್ ಚುಚ್ಚಿಕೊಳ್ಳುವವರು ಎಲ್ಲ ಕಡೆ ಇದ್ದಾರೆ. ಸೂಜಿಗೆ ಮುಚ್ಚಳವಿರುವ ಗಟ್ಟಿ ಡಬ್ಬಿಯೊಂದು ಇಡಿ.

ಆಯುಧಪೂಜೆಯ ಮರುದಿನ

ವರ್ಷಪೂರ್ತಿ ಲೆಕ್ಕ ಇಟ್ಟವರೂ ಸೋಲುವ ದಿನ ಇದು. ಬಾಗಿಲಿಗೆ ಬಾಳೆಕಂದು, ಪ್ರತಿ ಕಂಪ್ಯೂಟರಿಗೆ ಚೆಂಡುಹೂವು, ಒಡೆದ ಬೂದುಗುಂಬಳ. ಹಬ್ಬಕ್ಕೆ ಅಡ್ಡಿ ಬೇಡ, ಸಿದ್ಧತೆ ಬೇಕು. ಹೂವಿನ ಹಾರ ಬಾಳೆನಾರು ಅಥವಾ ಹತ್ತಿ ದಾರದಲ್ಲಿ ಕಟ್ಟಿದ್ದೇ ಬೇಕೆಂದು ಮೊದಲೇ ಹೇಳಿ. ಪ್ಲಾಸ್ಟಿಕ್ ದಾರ, ಮಿಂಚಿನ ಜರಿ ಸೇರಿದರೆ ಹೂವು ಗೊಬ್ಬರಕ್ಕೆ ಬರುವುದಿಲ್ಲ, ಬಿಡಿಸಲು ಯಾರಿಗೂ ತಾಳ್ಮೆ ಇರುವುದಿಲ್ಲ. ಕುಂಬಳವನ್ನು ರಸ್ತೆಯಲ್ಲಿ ಒಡೆಯುವ ಬದಲು ಗೇಟಿನ ಒಳಗೆ ಗೋಣಿಚೀಲ ಹಾಸಿ ಒಡೆಯಿರಿ, ಚೀಲ ಸಮೇತ ಎತ್ತಿಬಿಡಬಹುದು. ರಸ್ತೆಯಲ್ಲಿ ಬಿಟ್ಟರೆ ಬೈಕು ಜಾರುತ್ತದೆ. ಬಾಳೆಕಂದನ್ನು ಎರಡಿಂಚು ಹೋಳು ಮಾಡಿ ಗೊಬ್ಬರದ ಡ್ರಮ್ಮಿಗೆ ಹಾಕಬೇಕು. ಇಡಿಯಾಗಿ ಹಾಕಿದರೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಅದರಲ್ಲಿ ನೀರಿನಂಶ ಬಹಳ, ಎಲೆ ಎರಡು ಪಾಲು ಬೇಕು.

ಹಾರ-ಶಾಲು-ಸ್ಮರಣಿಕೆಯ ಸನ್ಮಾನಕ್ಕೆ 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರವೇ ತನ್ನ ಸಮಾರಂಭಗಳಲ್ಲಿ ತೆರೆ ಎಳೆದು ಕನ್ನಡ ಪುಸ್ತಕ ಕೊಡಿ ಎಂದಿತ್ತು. ಖಾಸಗಿ ಆಫೀಸಿನಲ್ಲಿ ಈ ಆದೇಶವನ್ನು ಮುಂದಿಟ್ಟು ಕೇಳಬಹುದು. ಸ್ಮರಣಿಕೆಯ ಪ್ಲಾಸ್ಟಿಕ್ ಫಲಕ ಯಾರ ಮನೆಯ ಶೋಕೇಸಿನಲ್ಲೂ ಎರಡು ವರ್ಷ ನಿಲ್ಲುವುದಿಲ್ಲ.

ಮತ್ತೆ ತೂಗುವುದು

ತಿಂಗಳಿಗೆ ಒಂದು ದಿನ, ಮುಂಚೆ ಹೇಳದೆ, ಅದೇ ಆರು ಬಕೆಟ್ಟಿನಲ್ಲಿ ತೂಗಿ ತಲೆಗೆ ಗ್ರಾಂ ಲೆಕ್ಕ ಬರೆಯಿರಿ. ಮೂರನೇ ತಿಂಗಳಲ್ಲಿ ಅಂಕಿ ಮೇಲೇರುವುದು ಸಾಮಾನ್ಯ. ಆಗ ಜನರಿಗೆ ಮೇಲ್ ಕಳಿಸುವ ಬದಲು ಇಂಡೆಂಟ್ ಪುಸ್ತಕ ತೆರೆದು ಯಾವ ವಸ್ತು ವಾಪಸ್ ಬಂದಿದೆ ನೋಡಿ. ಪೇಪರ್ ಕಪ್ಪು ಮತ್ತೆ ಕಂಡರೆ ಮೂರು ಕಡೆ ಹುಡುಕಿ: ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಅಂಕಿಯ ಕಪ್ಪು ಸಿಕ್ಕಿದೆಯೇ, ತೊಳೆಯುವ ಅಕ್ಕ ರಜೆ ಹಾಕಿದ ದಿನ ಬದಲಿಗೆ ಯಾರಾದರೂ ಬಂದಿದ್ದರೇ, ಸಿಂಕಿನ ಪೈಪು ಕಟ್ಟಿಕೊಂಡಿದೆಯೇ. ಬಹುತೇಕ ಕಡೆ ಸಿಕ್ಕುವುದು ಮೂರನೆಯದೇ: ಜರಡಿ ಕಾಣೆಯಾಗಿ, ಟೀ ಪುಡಿ ಪೈಪಿಗೆ ಇಳಿದಿರುತ್ತದೆ.